ಸೀಗೆಹಳ್ಳದ ಮೀನಿಗೆ ಹೆಸರಿಟ್ಟದ್ದು

ಸೀಗೆಹಳ್ಳ, ಬೆಳಗೋಡು ಹೋಬಳಿ
2 ಜುಲೈ 2023

ಚಂದ್ರಿಕಾ ಮೇಡಂ ಅವರಿಗೆ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಮೊದಲು ಬರೆಯಬೇಕು ಅಂತ ಅಜ್ಜಿ ಹೇಳುತ್ತಿದ್ದಾಳೆ. ಅಜ್ಜಿಗೇ ಮಂಡಿನೋವು. ಹಾಗಾಗಿ ಎಲ್ಲರೂ ಅಲ್ಲ.

ನಾನು ಗಗನಾ. ಡಿಸೆಂಬರಿನಲ್ಲಿ ನೀವು ನಮ್ಮ ಹಳ್ಳದಲ್ಲಿ ಬಲೆ ಹಾಕಿ ಏನೂ ಸಿಗದೆ, ಒದ್ದೆ ಪ್ಯಾಂಟಿನಲ್ಲೇ ಜಗಲಿಯಲ್ಲಿ ಕೂತು ಅಕ್ಕಿರೊಟ್ಟಿ ತಿಂದಿರಲ್ಲ, ಆ ಮನೆಯವಳು. ಬಾಲದ ಅಂಚು ಕೆಂಪಗಿರುವ ಕಲ್ಲುಮೀನು ಮಳೆಗಾಲದಲ್ಲಿ ಕಾಣುತ್ತದೆ ಎಂದು ನಾನು ಹೇಳಿದ್ದಕ್ಕೆ ನೀವು ಸಣ್ಣ ಬಲೆ, ಸ್ಪಿರಿಟ್ಟಿನ ಬಾಟಲಿ ಕೊಟ್ಟು, ಕೋಲ್ಕತ್ತದ ನಿಮ್ಮ ಮ್ಯೂಸಿಯಮ್ಮಿನ ವಿಳಾಸ ಬರೆದುಕೊಟ್ಟಿದ್ದಿರಿ. ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ನೀರಿನ ಟ್ಯಾಂಕಿನ ಹತ್ತಿರ ಸಿಗುತ್ತದೆ, ಆದರೆ ಅಲ್ಲಿ ಈಗ ಆನೆಗಳಿವೆ. ಅದಕ್ಕೇ ಕಾಗದ.

ಆರು ಮೀನು ಕಳಿಸಿದ್ದೇನೆ. ನೀವು ಹೇಳಿದಂತೆ ಚೀಟಿಯನ್ನು ಪೆನ್ಸಿಲಿನಲ್ಲಿ ಬರೆದು ಜೊತೆಗೇ ಹಾಕಿದ್ದೇನೆ. ಒಂದರ ಬಾಲ ಹರಿದಿದೆ. ಅದು ಹುಟ್ಟಿನಿಂದ ಹಾಗಿಲ್ಲ, ನನ್ನ ಹೆಬ್ಬೆರಳು ತಾಗಿ ಹರಿಯಿತು.

ಇನ್ನೊಂದು ವಿಷಯ. ಇವು ಸಿಕ್ಕಿದ್ದು ಹಳ್ಳದ ಮೇಲಿನ ಗುಂಡಿಯಲ್ಲಿ. ಮೊದಲ ಮಳೆಗೆ ಮೀನು ಹತ್ತುವ ಮುಂಚೆ ನಮ್ಮೂರಿನ ಮನೆಗಳು ಹಳ್ಳವನ್ನು ಪಾಲು ಮಾಡಿಕೊಳ್ಳುತ್ತವೆ. ಈ ಬಂಡೆಯಿಂದ ಆ ನೇರಳೆ ಮರದವರೆಗೆ ಇಂಥವರು ಕೂಳಿ ಇಡಬೇಕು ಎಂದು. ಕೂಳಿ ಎಂದರೆ ಬಿದಿರಿನ ಬುಟ್ಟಿ. ಮೀನು ಒಳಗೆ ಹೋಗುತ್ತದೆ, ಹೊರಗೆ ಬರಲಾಗುವುದಿಲ್ಲ. ಮೇಲಿನ ಗುಂಡಿ ಮಾತ್ರ ಯಾರ ಪಾಲಿಗೂ ಇಲ್ಲ. ಬಿಟ್ಟಗುಂಡಿ ಎನ್ನುತ್ತೇವೆ. ಅಲ್ಲಿ ಯಾರೂ ಹಿಡಿಯುವುದಿಲ್ಲ. ನಾನು ಅಜ್ಜಿಯನ್ನು ಕೇಳಿಯೇ ಇಳಿದೆ. "ಯಾರದ್ದೂ ಅಲ್ಲದ್ದನ್ನ ನನ್ನ ಯಾಕೆ ಕೇಳ್ತೀಯೆ" ಅಂದಳು. ಅದು ಹೂಂ ಎಂದೋ ಊಹೂಂ ಎಂದೋ ಗೊತ್ತಾಗಲಿಲ್ಲ. ಹೂಂ ಎಂದುಕೊಂಡೆ.

ಇತಿ,
ಗಗನಾ


ಕೋಲ್ಕತ್ತ
24 ಜುಲೈ 2023

ಪ್ರಿಯ ಗಗನಾ,

ಮೀನುಗಳು ಚೆನ್ನಾಗಿ ತಲುಪಿದವು. ಹರಿದ ಬಾಲದ ಬಗ್ಗೆ ಹೇಳಿದ್ದು ದೊಡ್ಡ ಉಪಕಾರ. ಹೇಳದಿದ್ದರೆ ಅದರ ಬಾಲ ಯಾಕೆ ಹಾಗಿದೆ ಎಂದು ವಾರವಿಡೀ ತಲೆ ಕೆಡಿಸಿಕೊಳ್ಳುತ್ತಿದ್ದೆ.

ನಿನ್ನ ಮೀನು ಒಂದು ಜಾತಿಯ ಕಲ್ಲುಮೀನಿನ ಹಾಗಿದೆ. ಮೈಮೇಲಿನ ಪಟ್ಟೆ ಮಾತ್ರ ನಾನು ನೋಡಿದ ಯಾವುದರ ಹಾಗೂ ಇಲ್ಲ. ಈಗಲೇ ಏನೂ ಹೇಳಲಾರೆ. ಇಲ್ಲಿನ ಕಪಾಟುಗಳಲ್ಲಿ ನೂರು ವರ್ಷದ ಹಿಂದಿನ ಬಾಟಲಿಗಳಿವೆ, ಒಂದೊಂದನ್ನೂ ತೆಗೆದು ಪಕ್ಕದಲ್ಲಿಟ್ಟು ನೋಡಬೇಕು. ಇದೇ ಮೀನನ್ನು ಬೇರೆಲ್ಲಾದರೂ ಕಂಡಿದ್ದೀಯಾ?

ನನ್ನ ಪತ್ರ ಪೆನ್ಸಿಲಿನಲ್ಲಿದೆ ಎಂದು ಬೇಸರಿಸಬೇಡ. ಸ್ಪಿರಿಟ್ಟಿನೊಳಗೆ ಪೆನ್ನಿನ ಬರಹ ಕರಗಿಹೋಗುತ್ತದೆ, ಪೆನ್ಸಿಲಿನದು ಉಳಿಯುತ್ತದೆ. ಆ ಅಭ್ಯಾಸದಿಂದ ಉಳಿಯಬೇಕಾದ್ದನ್ನೆಲ್ಲ ನಾನು ಪೆನ್ಸಿಲಿನಲ್ಲೇ ಬರೆಯುತ್ತೇನೆ.

ಕಾಲೇಜು ಯಾಕೆ ಬಿಟ್ಟೆ ಎಂದು ಆವತ್ತು ಕೇಳಬೇಕೆಂದಿದ್ದೆ. ಇಷ್ಟವಿದ್ದರೆ ಬರೆ.

ನಿನ್ನ,
ಚಂದ್ರಿಕಾ


ಸೀಗೆಹಳ್ಳ
19 ಆಗಸ್ಟ್ 2023

ಮೇಡಂ,

ನಿಮ್ಮ ಕಾಗದ ಬೆಳಗೋಡಿನಲ್ಲೇ ಹತ್ತು ದಿನ ಬಿದ್ದಿತ್ತು. ಆನೆ ತೋಟಕ್ಕಿಳಿದರೆ ಪೋಸ್ಟಿನವರು ಇತ್ತ ಬರುವುದಿಲ್ಲ. ಕೊನೆಗೆ ನಟರಾಜಣ್ಣ ತಂದುಕೊಟ್ಟ. ನನ್ನ ದೊಡ್ಡಪ್ಪನ ಮಗ. ಹೋಮ್‌ಸ್ಟೇಗೆ ಬಂದವರನ್ನು ಜೀಪಿನಲ್ಲಿ ಸುತ್ತಾಡಿಸುತ್ತಾನೆ.

ಕಾಲೇಜಿನ ವಿಷಯ. ಪಿಯುಸಿ ಪರೀಕ್ಷೆಯಲ್ಲಿ ಒಬ್ಬ ಮೇಷ್ಟ್ರು ಉತ್ತರ ಹೇಳಿಕೊಡುತ್ತಿದ್ದರು. ಪರೀಕ್ಷೆ ನೋಡಲು ಬಂದ ಅಧಿಕಾರಿ ನನ್ನ ಬೆಂಚಿನ ಹತ್ತಿರ ನಿಂತು, ಯಾರಾದರೂ ಹೇಳಿಕೊಟ್ಟರಾ ಎಂದು ಕೇಳಿದರು. ಹೌದು ಅಂದೆ. ನನಗೂ ಎರಡು ಉತ್ತರ ಸಿಕ್ಕಿವೆ ಎಂದೂ ಹೇಳಿದೆ. ಆಮೇಲೆ ಕ್ಲಾಸಿನಲ್ಲಿ ಯಾರೂ ನನ್ನ ಪಕ್ಕ ಕೂರಲಿಲ್ಲ. ಕೂರದಿದ್ದರೆ ಇರಲಿ, ಬಸ್ಸಿನಲ್ಲಿ ಕಾಲು ತುಳಿಯುತ್ತಿದ್ದರು. ಬಿಟ್ಟುಬಿಟ್ಟೆ. ಈಗ ಮನೆಯಲ್ಲಿ ಕೂತರೆ ಮೈಯೆಲ್ಲ ಇರುವೆ ಹರಿದ ಹಾಗಾಗುತ್ತದೆ. ಅದಕ್ಕೇ ಹಳ್ಳ.

ಬೇರೆ ಕಡೆ ಕಂಡಿದ್ದೀಯಾ ಎಂದು ಕೇಳಿದ್ದಿರಿ. ಒಂದು ಸಲ ಕಂಡಿದ್ದೇನೆ. ಏಳೆಂಟು ವರ್ಷದವಳಿದ್ದಾಗ, ಪಾಳ್ಯದ ಆಚೆ, ನನ್ನ ಅಮ್ಮನ ತವರಿನ ತೋಟದ ಕೆಳಗೆ ಹರಿಯುವ ಹಳ್ಳದಲ್ಲಿ. ಬಾಲದ ಕೆಂಪು ನೆನಪಿದೆ, ನನ್ನ ರಿಬ್ಬನ್ನಿನದೇ ಬಣ್ಣ. ನೀವು ಬಂದರೆ ತೋರಿಸುತ್ತೇನೆ.

ಗಗನಾ


ಕೋಲ್ಕತ್ತ
11 ಜನವರಿ 2024

ಪ್ರಿಯ ಗಗನಾ,

ಐದು ತಿಂಗಳು ಸುಮ್ಮನಿದ್ದೆ. ಖಚಿತವಾಗದೆ ಬರೆಯುವುದು ಬೇಡವೆನಿಸಿತ್ತು. ಈಗ ಬರೆಯಬಹುದು. ನಿನ್ನ ಮೀನು ಹೊಸದು. ಅದಕ್ಕೆ ಈವರೆಗೆ ಯಾರೂ ವೈಜ್ಞಾನಿಕ ಹೆಸರು ಇಟ್ಟಿಲ್ಲ.

ಹೆಸರಿಡುವ ಕ್ರಮ ಹೀಗೆ. ನೀನು ಕಳಿಸಿದ ಆರರಲ್ಲಿ ಒಂದನ್ನು ಆರಿಸಿ, ಅಳೆದು, ವರ್ಣಿಸಿ, ಅಚ್ಚು ಹಾಕಿಸುತ್ತೇವೆ. ಇನ್ನು ಮುಂದೆ ಆ ಹೆಸರೆಂದರೆ ಆ ಒಂದು ಮೀನು. ಅದು ನಮ್ಮ ಕಪಾಟಿನ ಬಾಟಲಿಯಲ್ಲಿ ನಾವೆಲ್ಲ ಹೋದಮೇಲೂ ಇರುತ್ತದೆ. ಹೆಸರಿಗೆ ಎರಡು ಭಾಗ. ಮೊದಲನೆಯದು ಕುಲದ್ದು, ಸ್ಕಿಸ್ಟುರಾ. ಎರಡನೆಯದನ್ನು ಇಡುವವರು ಆರಿಸಬಹುದು. ನಾನು ನಿನ್ನ ಹೆಸರನ್ನು ಆರಿಸಿದ್ದೇನೆ. ಲ್ಯಾಟಿನ್ ರೂಪದಲ್ಲಿ ಅದು "ಗಗನೇ" ಆಗುತ್ತದೆ, ಗಗನಾಳದು ಎಂಬ ಅರ್ಥ.

ಸಿಕ್ಕಿದ ಜಾಗವನ್ನು "ಹೇಮಾವತಿಗೆ ಸೇರುವ ಒಂದು ಹಳ್ಳ" ಎಂದಷ್ಟೇ ಹಾಕುತ್ತೇನೆ. ಅದೊಂದು ಪದ್ಧತಿ.

ಅಜ್ಜಿಗೆ ಹೇಳು.

ಚಂದ್ರಿಕಾ


ಸೀಗೆಹಳ್ಳ
4 ಫೆಬ್ರವರಿ 2024

ಮೇಡಂ,

ಕಾಗದ ಓದಿ ಹಳ್ಳದವರೆಗೂ ಓಡಿದೆ. ಮೀನುಗಳಿಗೆ ಹೇಳೋಣವೆಂದು. ಅಲ್ಲಿ ನಿಂತಮೇಲೆ ನಾಚಿಕೆಯಾಯಿತು.

ನನ್ನ ಹೆಸರು ಬೇಡ. ಬೇಜಾರು ಮಾಡಿಕೊಳ್ಳಬೇಡಿ. ನಾನು ಹುಟ್ಟುವ ಮೊದಲೇ ಅದು ಇತ್ತು. ಅಜ್ಜಿ ಮದುವೆಯಾಗಿ ಬಂದಾಗಲೂ ಇತ್ತು. ನಾನು ಮಾಡಿದ್ದು ಕಲ್ಲು ಎತ್ತಿದ್ದು, ಒಂದರ ಬಾಲ ಹರಿದದ್ದು. "ಗಗನಾಳದು" ಎಂದು ಬರೆದರೆ ಅದು ಸುಳ್ಳಾಗುತ್ತದೆ, ಅದೂ ನೀವು ಹೇಳಿದ ಹಾಗೆ ನಾವೆಲ್ಲ ಹೋದಮೇಲೂ ಇರುವ ಸುಳ್ಳು. ಅಜ್ಜಿಯ ಕಾರಣವೇ ಬೇರೆ. "ಮೀನಿಗೆ ನಿನ್ನ ಹೆಸರಿಟ್ರೆ ನಾಳೆ ನಿನ್ನ ನೋಡೋಕೆ ಬಂದೋರು ಯಾವುದನ್ನ ನೋಡ್ಬೇಕು ಅಂತ ಕೇಳ್ತಾರೆ ಕಣೆ" ಅಂದಳು.

ಮೀನು ಹಳ್ಳದ್ದು. ಹಳ್ಳದ ಹೆಸರು ಇಡಿ. ಹೇಮಾವತಿಗೆ ಎಷ್ಟೋ ಹಳ್ಳ ಸೇರುತ್ತವೆ. ಒಂದು ಹಳ್ಳ ಎಂದು ಬರೆಯುವುದು ಅರ್ಧ ಸುಳ್ಳು. ಸೀಗೆಹಳ್ಳ ಎನ್ನುವುದು ಈ ಸುತ್ತಿನಲ್ಲಿ ಇದೊಂದೇ. ನಮ್ಮೂರಿಗೆ ಬೇರೆ ಯಾವ ಹೆಸರೂ ಇಲ್ಲ, ಬೋರ್ಡೂ ಇಲ್ಲ, ಬಸ್ಸೂ ಇಲ್ಲ. ಇದಾದರೂ ಇರಲಿ.

ಗಗನಾ


ಕೋಲ್ಕತ್ತ
2 ಮಾರ್ಚ್ 2024

ಪ್ರಿಯ ಗಗನಾ,

ನಿನ್ನ ಪತ್ರವನ್ನು ಮೇಜಿನ ಮೇಲೇ ಇಟ್ಟುಕೊಂಡು ಮೂರು ವಾರ ಕಳೆದೆ. ನೀನು ಹೇಳುವುದು ಸರಿ. ನನ್ನ ಸಹೋದ್ಯೋಗಿಗಳಿಗೂ ಓದಿ ಹೇಳಿದೆ, ಎಲ್ಲರಿಗೂ ಹಿಡಿಸಿತು. ಹಾಗೇ ಇಡುತ್ತೇನೆ. ಸ್ಕಿಸ್ಟುರಾ ಸೀಗೆಹಳ್ಳೆನ್ಸಿಸ್. ಸೀಗೆಹಳ್ಳಕ್ಕೆ ಸೇರಿದ್ದು ಎಂದು ಅರ್ಥ.

ಜಾಗದ ವಿವರ ಮಾತ್ರ ನಾನು ಹೇಳಿದಂತೆಯೇ ಇರುತ್ತದೆ. ನಿಮ್ಮ ಹಳ್ಳ ಯಾವ ನಕ್ಷೆಯಲ್ಲೂ ಇಲ್ಲ, ನೋಡಿದ್ದೇನೆ.

ಕೆಳಗೆ ಒಂದು ಸಾಲನ್ನು ಬರೆದು ಹೊಡೆದುಹಾಕಿದ್ದೇನೆ. ಅದನ್ನು ಬೆಳಕಿಗೆ ಹಿಡಿದು ಓದಬೇಡ. ಏನೋ ಬರೆಯಹೋಗಿ ಬೇಡವೆನಿಸಿತು.

ಚಂದ್ರಿಕಾ


ಕೋಲ್ಕತ್ತ
18 ನವೆಂಬರ್ 2024

ಪ್ರಿಯ ಗಗನಾ,

ಅಚ್ಚಾಯಿತು. ಪ್ರತಿ ಕಳಿಸಿದ್ದೇನೆ. ಕೊನೆಯ ಪುಟದಲ್ಲಿ ನಿನಗೂ ಅಜ್ಜಿ ಕಮಲಮ್ಮನವರಿಗೂ ಕೃತಜ್ಞತೆ ಇದೆ. ಅದು ಸುಳ್ಳಲ್ಲ, ಆದ್ದರಿಂದ ಆಕ್ಷೇಪಿಸುವಂತಿಲ್ಲ. ಇಂದಿನಿಂದ ಆ ಮೀನಿನ ಹೆಸರು ಅದೇ. ಇಟ್ಟವಳಾದ ನಾನೇ ಬಯಸಿದರೂ ಬದಲಿಸುವಂತಿಲ್ಲ, ನಿಯಮ ಹಾಗಿದೆ.

ಪತ್ರಿಕೆಯೊಂದರಿಂದ ಫೋನು ಬಂದಿತ್ತು. ಊರು ಯಾವುದೆಂದು ನಾನು ಹೇಳಲಿಲ್ಲ. ಹೆಸರನ್ನು ಮಾತ್ರ ಕೇಳಿ ಬರೆದುಕೊಂಡರು.

ಚಂದ್ರಿಕಾ


ಸೀಗೆಹಳ್ಳ
15 ಡಿಸೆಂಬರ್ 2024

ಮೇಡಂ,

ಬೆಳಗೋಡಿನ ಹೋಟೆಲಿನಲ್ಲಿ ಪೇಪರಿನ ಚೂರು ಅಂಟಿಸಿದ್ದಾರೆ. "ಸೀಗೆಹಳ್ಳದ ಮೀನಿಗೆ ಜಗತ್ತಿನ ಮನ್ನಣೆ" ಅಂತ. ಕಾಫಿ ಹಣ್ಣು ಬಿಡಿಸಲು ಬಂದ ಹೆಂಗಸರೆಲ್ಲ ಅಜ್ಜಿಯನ್ನು ಹೆಸರಿಟ್ಟೋರಮ್ಮ ಎಂದು ಕರೆಯುತ್ತಿದ್ದಾರೆ. ಅಜ್ಜಿ ಬಯ್ಯುತ್ತಾಳೆ, ಕರೆಯದಿದ್ದರೆ ಮುಖ ಊದಿಸಿಕೊಳ್ಳುತ್ತಾಳೆ.

ಪೇಪರು ನೋಡಿ ಒಬ್ಬರು ಬಂದಿದ್ದರು. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಾರೆ. ಹೋಟೆಲಿನಲ್ಲಿ ಸೀಗೆಹಳ್ಳ ಯಾವ ಕಡೆ ಎಂದು ಕೇಳಿದರಂತೆ, ಕೂತಿದ್ದವರೆಲ್ಲ ಎದ್ದು ಬಂದು ದಾರಿ ತೋರಿಸಿದರಂತೆ. ನಟರಾಜಣ್ಣ ಜೀಪಿನಲ್ಲಿ ಕರೆತಂದ. ತುಂಬ ಮರ್ಯಾದೆಯ ಮನುಷ್ಯ, ಚಪ್ಪಲಿಯನ್ನು ಜಗಲಿಯ ಕೆಳಗೇ ಬಿಟ್ಟರು. ಮೀನಿನ ಫೋಟೋ ತೆಗೆಯುವುದು ಹವ್ಯಾಸವಂತೆ. ಗುಂಡಿ ತೋರಿಸುತ್ತೀಯಾ ಅಂದರು, ತೋರಿಸಿದೆ. ಆದರೆ ಒಂದು ಫೋಟೋವನ್ನೂ ತೆಗೆಯಲಿಲ್ಲ. ನೀರಿಗೆ ಥರ್ಮಾಮೀಟರು ಇಟ್ಟು ನೋಡಿದರು. ಆಳ ಎಷ್ಟು, ಬೇಸಿಗೆಯಲ್ಲಿ ಎಷ್ಟು ಇಳಿಯುತ್ತದೆ, ಇದು ಯಾರ ಜಾಗ ಎಂದು ಕೇಳಿದರು. ಯಾರದ್ದೂ ಅಲ್ಲ ಎಂದೆ. ಅದು ನಿಜ ತಾನೇ.

ಹೊರಡುವಾಗ ಅವರ ಹೆಸರು ಕೇಳಿದೆ. "ಹೆಸರೆಲ್ಲ ಮೀನಿಗಿರಲಿ ಬಿಡಮ್ಮ" ಎಂದು ನಕ್ಕರು.

ಗಗನಾ


ಕೋಲ್ಕತ್ತ
6 ಜನವರಿ 2025

ಗಗನಾ,

ಈ ಪತ್ರ ಸಿಕ್ಕ ದಿನವೇ ಟ್ಯಾಂಕಿನ ಹತ್ತಿರ ಹೋಗಿ ನನಗೆ ಫೋನು ಮಾಡು. ಆನೆ ಇದ್ದರೆ ಬೆಳಗೋಡಿಗೆ ಹೋಗಿ ಮಾಡು.

ಆ ಮನುಷ್ಯ ಮತ್ತೆ ಬಂದರೆ ಗುಂಡಿಯ ಹತ್ತಿರ ಕರೆದೊಯ್ಯಬೇಡ. ಯಾರನ್ನೂ ಕರೆದೊಯ್ಯಬೇಡ. ಮನೆಗಳ ಅಲಂಕಾರಕ್ಕೆ ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವವರಿದ್ದಾರೆ, ದೂರದೂರದ ದೇಶಗಳಲ್ಲಿ. ಹೊಸ ಹೆಸರಿನ ಮೀನೆಂದರೆ ಅವರಿಗೆ ಹುಚ್ಚು. ಅವರಿಗೆ ಹಿಡಿದು ಕಳಿಸುವವರು ಮೊದಲು ಕೇಳುವುದು ನೀರಿನ ತಂಪನ್ನು.

ಊರಿನವರಿಗೂ ಹೇಳಿಡು. ತಡ ಮಾಡಬೇಡ.

ಚಂದ್ರಿಕಾ


ಸೀಗೆಹಳ್ಳ
23 ಫೆಬ್ರವರಿ 2025

ಮೇಡಂ,

ನನ್ನ ಡಿಸೆಂಬರಿನ ಕಾಗದಕ್ಕೆ ನಿಮ್ಮಿಂದ ಉತ್ತರವೇ ಇಲ್ಲ. ಹುಷಾರಾಗಿದ್ದೀರಾ? ಆನೆಗಳ ಗುಂಪು ತಿಂಗಳಿನಿಂದ ಇಲ್ಲೇ ಇದೆ. ಪೋಸ್ಟೆಲ್ಲ ನಟರಾಜಣ್ಣನ ಕೈಯಲ್ಲೇ ಬರಬೇಕು. ನಿಮ್ಮದು ಬಂತಾ ಎಂದು ದಿನಾ ಕೇಳುತ್ತೇನೆ. "ನಿನ್ ಮೇಡಮ್ಮಿಗೆ ಬೇರೆ ಮೀನು ಸಿಕ್ಕಿರ್ಬೇಕು ಬಿಡೆ" ಅನ್ನುತ್ತಾನೆ.

ಇಲ್ಲಿ ಎಲ್ಲ ಎಂದಿನಂತೆ. ಕಾಫಿಗೆ ಹೂವಿನ ಕಾಲ. ಮಳೆ ಇನ್ನೂ ಬಿದ್ದಿಲ್ಲ, ಹಾಗಾಗಿ ಎಸ್ಟೇಟುಗಳಲ್ಲಿ ಹಳ್ಳಕ್ಕೆ ಪಂಪಿಟ್ಟು ಹೂವಿಗೆ ನೀರು ಹಾರಿಸುತ್ತಿದ್ದಾರೆ. ಹಗಲೆಲ್ಲ ಡೀಸೆಲ್ ಎಂಜಿನ್ನಿನ ಸದ್ದು. ನಿನ್ನೆಯಿಂದ ಮೇಲಿನ ಕಡೆಯಿಂದಲೂ ಕೇಳುತ್ತಿದೆ. ಮೇಲಿನ ಎಸ್ಟೇಟಿನವರು ಈ ವರ್ಷ ಬೇಗ ಶುರು ಮಾಡಿದ್ದಾರೆ. ನನಗೆ ಜ್ವರ, ಅಮ್ಮ ಹೊಸಿಲು ದಾಟಲು ಬಿಡುತ್ತಿಲ್ಲ. ಮಲಗಿದಲ್ಲಿಂದ ಆ ಸದ್ದು ಕೇಳುತ್ತ ಇದ್ದರೆ ನಿದ್ದೆ ಚೆನ್ನಾಗಿ ಬರುತ್ತದೆ.

ಗಗನಾ


ಸೀಗೆಹಳ್ಳ
10 ಮಾರ್ಚ್ 2025

ಮೇಡಂ,

ನಿಮ್ಮ ಜನವರಿಯ ಕಾಗದ ನಿನ್ನೆ ಕೈಗೆ ಬಂತು. ಜೀಪಿನ ಡ್ಯಾಶ್‌ಬೋರ್ಡಿನಲ್ಲಿ ಮರೆತು ಬಿಟ್ಟಿದ್ದೆ ಎಂದು ನಟರಾಜಣ್ಣ ಕೊಟ್ಟ. ನೀರು ಬಿದ್ದಿರಬೇಕು, ಅಂಟೆಲ್ಲ ಕರಗಿಹೋಗಿತ್ತು.

ಮೇಲಿನ ಸದ್ದು ಎಸ್ಟೇಟಿನದಲ್ಲ. ಜ್ವರ ಬಿಟ್ಟ ದಿನ ಹತ್ತಿ ಹೋದೆ. ಗುಂಡಿಯ ಬಾಯಿಗೆ ಮರಳಿನ ಚೀಲ ಒಟ್ಟಿ ನೀರನ್ನು ಪಕ್ಕಕ್ಕೆ ತಿರುಗಿಸಿ, ಒಳಗಿದ್ದದ್ದನ್ನು ಪಂಪಿನಲ್ಲಿ ಹೊರಗೆ ಹಾಕಿದ್ದಾರೆ. ತಳದ ಕಲ್ಲುಗಳನ್ನೆಲ್ಲ ಎತ್ತಿ ದಡದಲ್ಲಿ ರಾಶಿ ಮಾಡಿದ್ದಾರೆ. ಸಣ್ಣ ಮರಿಗಳನ್ನು ಬಿಟ್ಟುಹೋಗಿದ್ದಾರೆ, ಕೆಸರಿನಲ್ಲಿ ಒಣಗಿ ಅಂಟಿಕೊಂಡಿವೆ. ಬಾಲದ ಕೆಂಪು ಹೋಗಿ ಬೂದಿಯ ಬಣ್ಣ. ಗಂಟಲಮಟ್ಟದ ಗುಂಡಿ ಅದು. ನಾನು ಕೆಳಗೆ ನಿಂತರೆ ನನ್ನ ಪಾದದ ಗುರುತು ಮೂಡಿತು.

ಮನೆಮನೆಗೂ ಹೋದೆ. ಎಲ್ಲರಿಗೂ ಬೇಸರವಾಗಿದೆ, ಆದರೆ ತಡೆಯಲು ಯಾರೂ ಹೋಗಿರಲಿಲ್ಲ. ಅವರವರ ಪಾಲಿಗೆ ಬಂದಿದ್ದರೆ ಕತ್ತಿ ಹಿಡಿದು ಹೋಗುತ್ತಿದ್ದರು. ಪಂಪು ಹೊತ್ತು ತಂದ ಜೀಪು ಯಾರದ್ದು ಎಂದು ಎಲ್ಲರಿಗೂ ಗೊತ್ತಿತ್ತು. ನಟರಾಜಣ್ಣನನ್ನು ಅಂಗಳದಲ್ಲೇ ನಿಲ್ಲಿಸಿ ಕೇಳಿದೆ.

"ಅದು ಯಾರ ಪಾಲೂ ಅಲ್ಲ ಕಣೆ. ಯಾರನ್ನ ಕೇಳ್ಬೇಕಿತ್ತು? ನಿನ್ನನ್ನಾ? ನೀನು ಯಾರನ್ನ ಕೇಳಿ ಇಳಿದಿದ್ದೆ ಮೊದ್ಲು?" ಅಂದ.



ಕನ್ನಡಕದವರು ಅವನಿಗೆ ಹೇಳಿದ ಮಾತೊಂದನ್ನು ಅವನೇ ಜಂಬದಿಂದ ಹೇಳಿದ. ಚಂದ್ರಿಕಾ ಮೇಡಂ ಹೆಸರಿಟ್ಟ ಮೀನೆಂದರೆ ಅವರ ಕಡೆಯವರಿಗೆ ಬಹಳ ನಂಬಿಕೆಯಂತೆ. ನೀವು ಈ ಹಿಂದೆ ಹೆಸರಿಟ್ಟದ್ದು ಬೇರೆ ಬೆಟ್ಟದಲ್ಲಿ ಎರಡು ವರ್ಷ ಸಿಕ್ಕಿತಂತೆ. ಈಗ ಅಲ್ಲಿ ಏನೂ ಇಲ್ಲವಂತೆ.

ಇದು ನಿಮಗೆ ಗೊತ್ತಿತ್ತಾ? ನೀವು ಹೊಡೆದುಹಾಕಿದ ಸಾಲು ಏನು? ಹೆಸರನ್ನು ಈಗಲಾದರೂ ಅಳಿಸಲು ಬರುವುದಿಲ್ಲವಾ?

ಗಗನಾ


ಕೋಲ್ಕತ್ತ
2 ಏಪ್ರಿಲ್ 2025

ಪ್ರಿಯ ಗಗನಾ,

"ಹೆಸರಿನಲ್ಲಿ ಊರು ಬೇಡ" ಎಂದು ಬರೆದಿದ್ದೆ. ಯಾಕೆ ಎಂದು ನೀನು ಕೇಳುತ್ತೀಯೆಂದು ಗೊತ್ತಿತ್ತು. ಹೊಡೆದುಹಾಕಿದೆ.

ಹೆಸರನ್ನು ಅಳಿಸಲು ಬರುವುದಿಲ್ಲ.

ಅರಣ್ಯ ಇಲಾಖೆಗೆ ಬರೆದಿದ್ದೇನೆ. ಅವರು ಬರಬಹುದು. ಅದಕ್ಕಿಂತ ಮುಖ್ಯವಾದ ಕೆಲಸ ಈಗ ಒಂದಿದೆ. ಅಳಿವಿನಂಚಿನ ಜೀವಿಗಳ ಪಟ್ಟಿಗೆ ಈ ಮೀನನ್ನು ಸೇರಿಸಲು ವರದಿ ಕೊಡಬೇಕು. ಅದು ಎಲ್ಲೆಲ್ಲಿ ಉಳಿದಿದೆ ಎಂದು ಅದರಲ್ಲಿ ಬರಬೇಕು. ನೀನು ಚಿಕ್ಕವಳಿದ್ದಾಗ ಇನ್ನೊಂದು ಹಳ್ಳದಲ್ಲೂ ಕಂಡಿದ್ದೆ ಎಂದು ಹಿಂದೆ ಬರೆದಿದ್ದೆ. ಅಲ್ಲಿ ಈಗಲೂ ಇದೆಯೇ? ಒಮ್ಮೆ ಹೋಗಿ ನೋಡಿ ತಿಳಿಸು. ಇದ್ದರೆ ಅದೊಂದೇ ಉಳಿದ ಜಾಗ.

ಚಂದ್ರಿಕಾ


ಆಲೂರು
9 ಜೂನ್ 2025

ಮೇಡಂ,

ಇದನ್ನು ಆಲೂರಿನ ಬಸ್‌ಸ್ಟ್ಯಾಂಡಿನಲ್ಲಿ ಕೂತು ಬರೆಯುತ್ತಿದ್ದೇನೆ, ಇಲ್ಲೇ ಪೋಸ್ಟ್ ಮಾಡುತ್ತೇನೆ. ನಿಮ್ಮ ಏಪ್ರಿಲ್ ಕಾಗದವನ್ನು ನಟರಾಜಣ್ಣ ತಂದುಕೊಟ್ಟಾಗ ಅದರ ಮಡಿಕೆಗೆ ಎರಡು ಬಗೆಯ ಅಂಟು ಇತ್ತು. ನಿಮ್ಮದು, ಅದರ ಮೇಲೆ ಬೇರೆ ಯಾರದ್ದೋ. ಜನವರಿಯದಕ್ಕೆ ನೀರು ಬಿದ್ದಿರಲಿಲ್ಲ, ಅದನ್ನೂ ಬಿಚ್ಚಿ ಓದಿದ್ದರು ಎಂದು ಆಗ ತಿಳಿಯಿತು.

ಮೇ ತಿಂಗಳಲ್ಲಿ ಅಮ್ಮನ ತವರಿನಲ್ಲಿ ಮದುವೆಯಿತ್ತು. ಎಲ್ಲರೂ ಊಟಕ್ಕೆ ಕೂತಾಗ ನಾನು ಹಳ್ಳಕ್ಕಿಳಿದು ಕಲ್ಲಿನಡಿ ಕೈ ಹಾಕಿದೆ. ಇವೆ. ನಾಲ್ಕು ಕಂಡೆ. ಕಲ್ಲನ್ನು ಇದ್ದ ಹಾಗೇ ಇಟ್ಟು ಬಂದೆ.

ಹೋದ ವಾರ ಕನ್ನಡಕದವರು ಮತ್ತೆ ಬಂದರು, ಅದೇ ಜೀಪಿನಲ್ಲಿ. ಚಪ್ಪಲಿ ಕೆಳಗೆ ಬಿಟ್ಟರು. ಅಜ್ಜಿಯ ಮಂಡಿಗೆ ಎಣ್ಣೆ ತಂದಿದ್ದರು. ನಾನು ಒಳಗಿದ್ದೆ. ನಿಮ್ಮ ಮೊಮ್ಮಗಳು ಚಿಕ್ಕವಳಿದ್ದಾಗ ರಜೆಯಲ್ಲಿ ಎಲ್ಲಿಗೆ ಹೋಗುತ್ತಿದ್ದಳು ಎಂದು ಕೇಳುತ್ತಿದ್ದರು. ಅಜ್ಜಿ ಖುಷಿಯಾಗಿ ಹೇಳುತ್ತಿದ್ದಳು. ಪಾಳ್ಯದ ಆಚೆ ಅವಳಮ್ಮ ದ್ರಾಕ್ಷಾಯಣಿಯ ತವರು, ಅಲ್ಲಿ ಹಳ್ಳ ಬಿಟ್ಟು ಮೇಲೆ ಬರ್ತಿರ್ಲಿಲ್ಲ ಇವ್ಳು, ಮಾವನೇ ಎಳ್ಕೊಂಡು ಬರ್ಬೇಕಿತ್ತು ಅಂತ. ನಾನು ಹೊರಗೆ ಬಂದೆ. ಅವರು ನನ್ನ ಮುಖವನ್ನೇ ನೋಡಿ ಕೇಳಿದರು.

"ಅಲ್ಲೂ ಇದೇ ಮೀನು ನೋಡಿದ್ದೆಯಂತೆ?"

"ಅದು ಬೇರೆ ಮೀನು" ಅಂದೆ. "ಬಾಲ ಕೆಂಪಿರಲಿಲ್ಲ. ಚಿಕ್ಕವಳಿದ್ದಾಗ ನೋಡಿದ್ದು, ಮೇಡಂಗೆ ತಪ್ಪು ಬರೆದಿದ್ದೆ. ಹೋದ ತಿಂಗಳು ನೋಡಿ ಬಂದೆ. ಎಲ್ಲ ಕಡೆ ಸಿಗೋ ಮೀನೇ."

ಅವರು ನಟರಾಜಣ್ಣನ ಕಡೆ ತಿರುಗಿದರು. ಅವನು ಜೋರಾಗಿ ನಕ್ಕ. "ಇವಳು ಸುಳ್ಳು ಹೇಳೋಳಲ್ಲ ಸಾರ್. ಸುಳ್ಳು ಹೇಳೋ ಹಾಗಿದ್ರೆ ಪಿಯುಸಿ ಪಾಸಾಗ್ಬುಡ್ತಿದ್ಲು."

ಅವರೂ ನಕ್ಕರು. ನಂಬಿದರೋ ಇಲ್ಲವೋ ಗೊತ್ತಿಲ್ಲ.

ನಾನು ಹೇಳಿದ್ದು ಒಬ್ಬಳ ಬಾಯಿಮಾತು. ನೀವು ಅಚ್ಚು ಹಾಕಿಸುವುದನ್ನೆಲ್ಲ ಅವರು ಓದುತ್ತಾರೆ. ನಿಮ್ಮ ವರದಿಯಲ್ಲಿ ಬೇರೆಲ್ಲೂ ಇಲ್ಲ ಎಂದು ಬರೆಯಿರಿ. ನನಗೂ ಹಾಗೇ ಒಂದು ಕಾಗದ ಬರೆಯಿರಿ. ಅದನ್ನು ಮನೆಯ ವಿಳಾಸಕ್ಕೇ ಕಳಿಸಿ, ನಟರಾಜಣ್ಣನೇ ತರಲಿ.

ಅರ್ಧ ಸುಳ್ಳೂ ಬೇಡ ಎಂದು ನಿಮಗೆ ಬುದ್ಧಿ ಹೇಳಿದವಳು ನಾನೇ. ಈಗ ಪೂರ್ತಿ ಸುಳ್ಳು ಬರೆಯಿರಿ ಎನ್ನುತ್ತಿದ್ದೇನೆ.

ಗಗನಾ


ಕೋಲ್ಕತ್ತ
1 ಜುಲೈ 2025

ಗಗನಾ,

ನಿನ್ನ ಹಳೆಯ ಪತ್ರವನ್ನು ಮತ್ತೊಮ್ಮೆ ಓದಿದೆ. ನೀನು ಚಿಕ್ಕವಳಿದ್ದಾಗ ಕಂಡದ್ದು ಹಾಸನ ಜಿಲ್ಲೆಯ ಎಲ್ಲ ಹಳ್ಳಗಳಲ್ಲೂ ಸಿಗುವ ಸಾಮಾನ್ಯ ಕಲ್ಲುಮೀನು. ಮಗುವಿನ ನೆನಪನ್ನು ನಾನು ನಂಬಿದ್ದು ನನ್ನ ತಪ್ಪು. ವಿಚಾರಿಸಿದ್ದಕ್ಕೆ ಕ್ಷಮೆ ಇರಲಿ.

ಸೀಗೆಹಳ್ಳದ ಮೀನು ಸೀಗೆಹಳ್ಳದಲ್ಲಿ ಬಿಟ್ಟು ಬೇರೆಲ್ಲೂ ಇಲ್ಲ. ಅಲ್ಲಿಯೂ ಈಗ ಕಂಡುಬರುತ್ತಿಲ್ಲ. ವರದಿಯಲ್ಲಿ ಹೀಗೇ ಬರೆದು ಸಹಿ ಮಾಡಿ ಕೊಟ್ಟಿದ್ದೇನೆ. ಈ ವಿಷಯವಾಗಿ ನಾವಿಬ್ಬರೂ ಇನ್ನು ಬರೆದುಕೊಳ್ಳುವುದು ಏನೂ ಉಳಿದಿಲ್ಲ.

ಪೆನ್ಸಿಲು ಕೈಗೆ ಸಿಗಲಿಲ್ಲ. ಪೆನ್ನಿನಲ್ಲಿ ಬರೆದಿದ್ದೇನೆ.

ಚಂದ್ರಿಕಾ


ಆಲೂರು
1 ಮಾರ್ಚ್ 2026

ಮೇಡಂ,

ಬರೆಯಬೇಡ ಎಂದಿದ್ದಿರಿ. ಪೆನ್ನಿನಲ್ಲಿ ಎಂದಿದ್ದಿರಿ, ಉಳಿಯಬೇಕಾದ್ದನ್ನು ನೀವು ಬರೆಯದ ಪೆನ್ನಿನಲ್ಲಿ. ಅದಕ್ಕೇ ಬರೆಯುತ್ತಿದ್ದೇನೆ, ಪೆನ್ಸಿಲಿನಲ್ಲಿ.

ನಿಮ್ಮ ಕಾಗದವನ್ನು ನಟರಾಜಣ್ಣ ತಡಮಾಡದೆ ತಂದುಕೊಟ್ಟ. ಅಂಟು ಎರಡು ಬಗೆಯದಿತ್ತು. ಆಮೇಲೆ ಮಳೆಗಾಲವೆಲ್ಲ ಯಾರೂ ಬರಲಿಲ್ಲ. ಹೋದ ಜೂನಿನಲ್ಲಿ ಹಳ್ಳ ಪಾಲು ಮಾಡಿದ ದಿನ ಬಿಟ್ಟಗುಂಡಿಯೂ ಒಬ್ಬರ ಪಾಲಿಗಿರಲಿ ಎಂದು ನಾನು ಕೇಳಿದೆ. ಅದರಲ್ಲಿ ಈಗೇನಿದೆ ಎಂದು ಅದನ್ನು ನನಗೇ ಕೊಟ್ಟರು. ಕಲ್ಲುಗಳನ್ನೆಲ್ಲ ಮತ್ತೆ ಒಳಗೆ ಜೋಡಿಸಿದ್ದೇನೆ. ದಿನಾ ಹೋಗಿ ನೋಡುತ್ತೇನೆ. ಸೊಳ್ಳೆಮರಿಗಳಿವೆ.

ನಿನ್ನೆ ಟ್ಯಾಂಕಿನ ಹತ್ತಿರ ಹೋದಾಗ ಅತ್ತೆ ನಾಗರತ್ನಮ್ಮ ಫೋನು ಮಾಡಿದ್ದರು, ಅಮ್ಮನ ತವರಿನಿಂದ. ಅದೂ ಇದೂ ಮಾತಾಡುತ್ತ, ತೋಟದ ಕೆಳಗೆ ಗುರುವಾರದಿಂದ ಪಂಪಿನ ಸದ್ದು, ಮಧ್ಯಾಹ್ನ ಕಣ್ಣು ಮುಚ್ಚಲು ಬಿಡುತ್ತಿಲ್ಲ ಎಂದರು. ಪಂಪು ಯಾರದ್ದು ಎಂದು ಕೇಳಿದೆ. ಎಸ್ಟೇಟಿನವರದ್ದೇ ಇರಬೇಕು, ಹೂವಿನ ಕಾಲ ಅಲ್ವಾ ಅಂದರು. ಅಲ್ಲೊಂದು ಜೀಪು ನಿಂತಿದೆಯಾ ಎಂಬ ಮಾತು ಬಾಯಿಯವರೆಗೂ ಬಂತು. ಕೇಳಲಿಲ್ಲ. ಯಾಕೆ ಎಂದು ಅವರು ಕೇಳಿದರೆ ಏನು ಹೇಳಲಿ?

ಹೋಗಿ ನೋಡೋಣವೆಂದರೆ ಆಗುವುದಿಲ್ಲ. ನಾನು ಅಲ್ಲಿಗೆ ಓಡಿದರೆ, ಓಡಿಹೋಗಿ ನೋಡುವಂಥದ್ದು ಅಲ್ಲಿ ಏನೋ ಇದೆ ಎಂದಾಗುತ್ತದೆ. ಬರೀ ಹೂವಿಗೆ ನೀರಾಗಿದ್ದರೆ, ನನ್ನ ಕಾಲೇ ಅವರಿಗೆ ದಾರಿ ತೋರಿಸುತ್ತದೆ.

ಇವತ್ತು ಬೆಳಿಗ್ಗೆ ನಟರಾಜಣ್ಣ ಜೀಪು ಸ್ಟಾರ್ಟ್ ಮಾಡಿಕೊಂಡು ಅಂಗಳದಲ್ಲಿ ನಿಂತಿದ್ದ. ಟೈರಿಗೆಲ್ಲ ಒದ್ದೆ ಮಣ್ಣು. ಈ ಕಡೆ ಇನ್ನೂ ಒಂದು ಹನಿ ಮಳೆ ಬಿದ್ದಿಲ್ಲ.

"ಆ ಕಡೆನೇ ಹೊಂಟಿದೀನಿ ಕಣೆ. ನಿಮ್ಮತ್ತೆ ಮನೆಗೆ ಬರ್ತೀಯೇನು? ಬುಟ್ಬುಡ್ತೀನಿ" ಅಂದ. ಎಂಜಿನ್ ಆರಿಸದೆ ನನ್ನ ಮುಖವನ್ನೇ ನೋಡುತ್ತಿದ್ದ.

ನನಗೆ ಆಲೂರಿನಲ್ಲಿ ಕೆಲಸವಿದೆ, ಬೆಳಗೋಡಿನಿಂದ ಬಸ್ಸಿಗೆ ಹೋಗುತ್ತೇನೆ ಎಂದೆ. ಆ ಕಡೆ ಪಂಪಿನ ಸದ್ದು ಜೋರಂತೆ, ಅತ್ತೆ ಹೇಳುತ್ತಿದ್ದರು ಎಂದೂ ಹೇಳಿದೆ, ಏನೂ ಅಲ್ಲದ ಮಾತಿನ ಹಾಗೆ.

"ಹೌದಾ? ಏನಂತೆ?" ಅಂದ.

ಹೂವಿಗೆ ನೀರು ಕೊಡುತ್ತಿರಬೇಕು ಎಂದೆ.

ಗಗನಾ